ಮೂರು ಸಲ ಕ್ಲಬ್ ರೂಮ್ ತಗೊಂಡೆ, ಒಂದೇ ಸಲ ಗಿಟ್ಟಿತು

ಬೆಳಿಗ್ಗೆ 6 ಗಂಟೆಗೆ ಸಿಂಗಾಪುರದ ಚಾಂಗಿ ಏರ್‌ಪೋರ್ಟಲ್ಲಿ ಇಳಿದಾಗ ನಮ್ಮ ಮೈಗೆ ಇನ್ನೂ ಬೆಂಗಳೂರಿನ ಮೂರೂವರೆ. ಅಪ್ಪನಿಗೆ 74 ವರ್ಷ, ಎಡ ಮಂಡಿ ಕೈಕೊಟ್ಟು ಎರಡು ವರ್ಷ ಆಗಿತ್ತು. ಅಮ್ಮ ವಿಮಾನದಲ್ಲಿ ಒಂದು ನಿಮಿಷವೂ ಕಣ್ಣು ಮುಚ್ಚಿರಲಿಲ್ಲ. ಹೋಟೆಲ್ ಮುಟ್ಟಿದಾಗ ಏಳೂವರೆ. ಕೆಳಗಿನ ಕೌಂಟರಿನ ಹುಡುಗ ನಗುತ್ತಲೇ ಹೇಳಿದ, ಚೆಕ್-ಇನ್ ಮಧ್ಯಾಹ್ನ 3ಕ್ಕೆ, ಬೇಕಾದರೆ ಬ್ಯಾಗ್ ಇಲ್ಲೇ ಇಟ್ಟು ಹೋಗಿ ಅಂತ. ಅದು ನಾನು, ನನ್ನ ಹೆಂಡತಿ, ಮಗಳು ಇರಬೇಕಿದ್ದ ಮಾಮೂಲಿ ರೂಮಿನ ಕಥೆ. ಅಪ್ಪ ಅಮ್ಮನಿಗೆ ಕ್ಲಬ್ ರೂಮ್ ಬುಕ್ ಮಾಡಿದ್ದೆ. ಅವರನ್ನು ನೇರ ಮೇಲಿನ ಮಹಡಿಯ ಲೌಂಜಿಗೆ ಕರೆದುಕೊಂಡು ಹೋದರು. ಕೂರೋಕೆ ಸೋಫಾ, ಮುಖ ಒರೆಸೋಕೆ ಬಿಸಿ ಟವಲ್, ಸ್ನಾನಕ್ಕೆ ಜಾಗ, ಕುಡಿಯೋಕೆ ಟೀ. ಹತ್ತೂವರೆಗೆ ರೂಮಿನ ಕೀ ಅವರ ಕೈಗೆ ಬಂತು. ನಮ್ಮದು ಸರಿಯಾಗಿ 3 ಗಂಟೆಗೆ, ಒಂದು ನಿಮಿಷ ಮುಂಚೆ ಇಲ್ಲ.

ಇದು 2024ರ ಮಾತು. ಅದಾದ ಮೇಲೆ ನೆಂಟರು, ಆಫೀಸಿನವರು ಎಲ್ಲರದ್ದೂ ಒಂದೇ ಪ್ರಶ್ನೆ: ಅಷ್ಟು ದುಡ್ಡು ಜಾಸ್ತಿ ಕೊಟ್ಟರೆ ಗಿಟ್ಟುತ್ತಾ? ನಾನು ಮೂರು ಸಲ ಕೊಟ್ಟಿದ್ದೇನೆ. ನನಗೆ ಲೆಕ್ಕ ಬರೆದಿಡುವ ಚಟ ಬೇರೆ. ಹಾಗಾಗಿ ಹೇಳುತ್ತೇನೆ.

ಮೊದಲು ಇದೇನು ಅಂತ ನೋಡಿ. ಕ್ಲಬ್, ಎಕ್ಸಿಕ್ಯೂಟಿವ್, ಕನ್ಸಿಯರ್ಜ್ ಲೆವೆಲ್, ಒಂದೊಂದು ಹೋಟೆಲಲ್ಲಿ ಒಂದೊಂದು ಹೆಸರು. ರೂಮ್ ಮಾತ್ರ ಬಹುತೇಕ ಅದೇ. ಅದೇ ಮಂಚ, ಅದೇ ಬಾತ್‌ರೂಮ್, ನಾಲ್ಕು ಮಹಡಿ ಮೇಲೆ ಅಷ್ಟೇ. ನೀವು ದುಡ್ಡು ಕೊಡೋದು ಲೌಂಜಿಗೆ. ಬೆಳಗಿನ ತಿಂಡಿ, ಮಧ್ಯಾಹ್ನದ ಟೀ, ಸಂಜೆ ಎರಡು ಗಂಟೆ ಹೊತ್ತು ಡ್ರಿಂಕ್ಸ್ ಜೊತೆಗೆ ಸಣ್ಣಪುಟ್ಟ ತಿಂಡಿ, ದಿನವಿಡೀ ಕಾಫಿ. ಕೆಲವು ಕಡೆ ದಿನಕ್ಕೆ ಎರಡು ಬಟ್ಟೆ ಇಸ್ತ್ರಿ, ಸಂಜೆ 4ರವರೆಗೆ ಚೆಕ್-ಔಟ್. ಇದನ್ನೆಲ್ಲ ವಿವರಿಸಿದಾಗ ಅಪ್ಪ, "ಅಂದ್ರೆ ಲಾಡ್ಜಿನೊಳಗೆ ಒಂದು ಹೋಟ್ಲು, ಆ ಹೋಟ್ಲೊಳಗೆ ಇನ್ನೊಂದು ಹೋಟ್ಲು" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲ್ಲ.

ಮೊದಲ ಸಲ ತಗೊಂಡಿದ್ದು 2019ರಲ್ಲಿ, ಅದೂ ಸಿಂಗಾಪುರದಲ್ಲೇ, ಬೇರೆ ಹೋಟೆಲು. ಮಗಳನ್ನು ಅತ್ತೆ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೋಗಿದ್ದೆವು, ಮೂರು ರಾತ್ರಿ. ಮಾಮೂಲಿ ರೂಮಿಗಿಂತ ರಾತ್ರಿಗೆ 90 ಸಿಂಗಾಪುರ ಡಾಲರ್ ಜಾಸ್ತಿ ಅಂತ ಇತ್ತು. ಅಲ್ಲೇ ಮೊದಲ ಏಟು. ಸಿಂಗಾಪುರದಲ್ಲಿ ರೇಟಿನ ಪಕ್ಕ ಎರಡು ಪ್ಲಸ್ ಗುರುತು ಹಾಕಿರುತ್ತಾರೆ, ಅದನ್ನು ನಾನು ಏನೋ ಅಲಂಕಾರ ಅಂದುಕೊಂಡಿದ್ದೆ. ಒಂದು ಪ್ಲಸ್ ಅಂದರೆ 10% ಸರ್ವಿಸ್ ಚಾರ್ಜ್. ಇನ್ನೊಂದು ಅದರ ಮೇಲೆ ಜಿಎಸ್‌ಟಿ, ಆಗ 7%, 2024ರಿಂದ 9%. ಅಂದರೆ 90 ಡಾಲರ್ ಹೋಗಿ 106 ಆಯಿತು. ಆಗಿನ ಲೆಕ್ಕದಲ್ಲಿ ಡಾಲರಿಗೆ ಸುಮಾರು 51 ರೂಪಾಯಿ, ಮೂರು ರಾತ್ರಿಗೆ 16,200.

ಅಷ್ಟು ಕೊಟ್ಟು ನಾವು ಮಾಡಿದ್ದೇನು? ಬೆಳಿಗ್ಗೆ ಎಂಟೂವರೆಗೆ ಹೊರಟರೆ ಒಂದು ದಿನ ಸೆಂಟೋಸಾ ದ್ವೀಪ, ಒಂದು ದಿನ ನೈಟ್ ಸಫಾರಿ, ವಾಪಸ್ ಬರೋದು ರಾತ್ರಿ ಹತ್ತೂವರೆ. ಲೌಂಜಿನ ಸಂಜೆ ಹೊತ್ತು ಐದೂವರೆಯಿಂದ ಏಳೂವರೆ. ಒಂದೇ ಒಂದು ಸಂಜೆ ಬೇಗ ಬಂದೆವು, ನಾನು ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಹೋದೆ, ಬಾಗಿಲಲ್ಲೇ ತಡೆದರು. ಪ್ಯಾಂಟು, ಶೂ ಹಾಕಿಕೊಂಡು ವಾಪಸ್ ಬರುವಷ್ಟರಲ್ಲಿ ಉಳಿದಿದ್ದು ಇಪ್ಪತ್ತು ನಿಮಿಷ. ಒಟ್ಟು ಮೂರು ದಿನಕ್ಕೆ ಎರಡು ಬೆಳಗಿನ ತಿಂಡಿ, ಮೂರು ಕಾಫಿ, ಅವಳಿಗೆ ಒಂದು ವೈನ್, ನನಗೊಂದು ಬಿಯರ್, ಒಂದು ಬಟ್ಟಲು ಗೋಡಂಬಿ. ಬಿಲ್ ನೋಡಿ ಹೆಂಡತಿ ಕೇಳಿದಳು, "ರೀ, ಈ ಗೋಡಂಬಿ ಕೆಜಿಗೆ ಎಷ್ಟು ಬಿತ್ತು?" ಇವತ್ತಿಗೂ ಮನೆಯಲ್ಲಿ ಡಬ್ಬದಿಂದ ಗೋಡಂಬಿ ತೆಗೆದರೆ ಆ ಮಾತು ಬರುತ್ತೆ.

ಆಮೇಲೆ 2024. ನಾಲ್ಕು ರಾತ್ರಿ, ದೋಬಿ ಘಾಟ್ ಮೆಟ್ರೋ ಸ್ಟೇಷನ್ ಹತ್ತಿರದ ಹೋಟೆಲು. (ಹೌದು, ಸ್ಟೇಷನ್ ಹೆಸರೇ ಅದು. ಹಿಂದೆ ಅಲ್ಲಿ ಇಂಡಿಯಾದಿಂದ ಹೋದ ಅಗಸರು ಬಟ್ಟೆ ಒಗೆಯುತ್ತಿದ್ದರಂತೆ. ಅಮ್ಮನಿಗೆ ಊರಿನ ಬಗ್ಗೆ ನಂಬಿಕೆ ಬಂದಿದ್ದು ಆ ಬೋರ್ಡ್ ನೋಡಿಯೇ.) ಈ ಸಲ ಎರಡೂ ರೂಮ್ ಕ್ಲಬ್ ಮಾಡಿಸಲಿಲ್ಲ. ಒಂದು ಕ್ಲಬ್ ರೂಮಿಗೆ ಇಬ್ಬರು ದೊಡ್ಡವರು ಲೌಂಜಿಗೆ ಹೋಗಬಹುದು, ಅದು ಅಪ್ಪ ಅಮ್ಮನಿಗೆ. ನಾವು ಮೂವರು ಮಾಮೂಲಿ ರೂಮು. ಮಾಮೂಲಿ ರೂಮು 320 ಡಾಲರ್, ಕ್ಲಬ್ 430. ವ್ಯತ್ಯಾಸ 110, ಎರಡು ಪ್ಲಸ್ ಸೇರಿ 132. ಡಾಲರಿಗೆ 63 ರೂಪಾಯಿಯಂತೆ ರಾತ್ರಿಗೆ 8,300 ಚಿಲ್ಲರೆ.

ಇಲ್ಲಿ ಎಲ್ಲರೂ ಒಂದು ತಪ್ಪು ಲೆಕ್ಕ ಹಾಕುತ್ತಾರೆ, 2019ರಲ್ಲಿ ನಾನೂ ಹಾಕಿದ್ದೆ. ಹೋಟೆಲಿನ ಬೆಳಗಿನ ತಿಂಡಿ ತಲೆಗೆ 38 ಡಾಲರ್, ಇಬ್ಬರಿಗೆ 76, ಬಾರಲ್ಲಿ ಬಿಯರ್ 18ರಂತೆ ಎರಡಕ್ಕೆ 36, ಅಲ್ಲಿಗೆ 110 ದಾಟೇ ಹೋಯ್ತಲ್ಲ, ಲಾಭವೇ ಲಾಭ ಅಂತ. ಆದರೆ ಕ್ಲಬ್ ಇಲ್ಲದಿದ್ದರೆ ನಾವು ಆ 38 ಡಾಲರ್ ಕೊಡುತ್ತಿದ್ದೆವಾ? ಖಂಡಿತ ಇಲ್ಲ. ದೋಬಿ ಘಾಟಿಂದ ಎರಡನೇ ಸ್ಟೇಷನ್ ಫಾರರ್ ಪಾರ್ಕ್, ಅಲ್ಲಿ ಇಳಿದರೆ ಸೆರಂಗೂನ್ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನ, ಎದುರಿಗೇ ನಮ್ಮ ಎಂಟಿಆರ್. ಲಾಲ್‌ಬಾಗ್ ರಸ್ತೆಯ ಅದೇ ಎಂಟಿಆರ್, ಸಿಂಗಾಪುರದ ಅಂಗಡಿ ಶುರುವಾಗಿದ್ದು 2013ರಲ್ಲಿ. ಅಪ್ಪ ಅಮ್ಮ ಇಬ್ಬರೂ ಮಸಾಲೆ ದೋಸೆ, ಕಾಫಿ ಮುಗಿಸಿದರೂ 25 ಡಾಲರ್ ದಾಟುತ್ತಿರಲಿಲ್ಲ. ಅಪ್ಪ 18 ಡಾಲರ್ ಕೊಟ್ಟು ಬಿಯರ್ ಕುಡಿಯುವವರಲ್ಲ, ಸೂಪರ್ ಮಾರ್ಕೆಟಿಂದ ಎರಡು ಕ್ಯಾನ್ ತಂದರೆ 8. ಸಂಜೆ ಟೀ, ಬಿಸ್ಕತ್ತು 10. ರಾತ್ರಿ ಹಗುರವಾಗಿ ಊಟ 23. ಒಟ್ಟು 66 ಡಾಲರ್. ಲೌಂಜ್ ನಮಗೆ ಉಳಿಸಿದ್ದು ಅಷ್ಟೇ. ಕೊಟ್ಟಿದ್ದು 132. ಅಂದರೆ ದಿನಕ್ಕೆ 66 ಡಾಲರ್ ಲುಕ್ಸಾನು, ನಾಲ್ಕು ದಿನಕ್ಕೆ 264.

ಹಾಗಾದರೆ ಗಿಟ್ಟಿದ್ದು ಹೇಗೆ ಅಂತೀರಾ? ಆ ಮೊದಲ ಬೆಳಿಗ್ಗೆ. ರಾತ್ರಿ ವಿಮಾನ ಹತ್ತಿದ ವಯಸ್ಸಾದವರಿಗೆ ಏಳೂವರೆಗೆ ಮಲಗೋಕೆ ಜಾಗ ಬೇಕು ಅಂದರೆ ಹಿಂದಿನ ರಾತ್ರಿಯಿಂದಲೇ ರೂಮ್ ಹಿಡಿಯಬೇಕು. ಅದು 320ರ ಮೇಲೆ ಎರಡು ಪ್ಲಸ್, 384 ಡಾಲರ್, ಆ 264ರ ಲುಕ್ಸಾನಿಗಿಂತ ಜಾಸ್ತಿ. ಕೊನೆಯ ದಿನವೂ ಅಷ್ಟೇ, ವಿಮಾನ ರಾತ್ರಿ 8ಕ್ಕೆ, ಮಾಮೂಲಿ ಚೆಕ್-ಔಟ್ 12ಕ್ಕೆ. ನಾವು ಮೂವರು ರೂಮ್ ಬಿಟ್ಟು ಬ್ಯಾಗನ್ನೆಲ್ಲ ಅವರ ರೂಮಿಗೆ ತುಂಬಿದೆವು. ಅಪ್ಪ 4 ಗಂಟೆವರೆಗೆ ಕಾಲು ಚಾಚಿ ಮಲಗಿದರು. ಒಂದು ಎಚ್ಚರಿಕೆ: ರೂಮ್ ಬೇಗ ಕೊಡುತ್ತೇವೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ, ಖಾಲಿ ಇದ್ದರೆ ಅಂತಲೇ ಬರೆದಿರುತ್ತಾರೆ. ಗ್ಯಾರಂಟಿ ಬೇಕಾಗಿದ್ದು ಲೌಂಜಿನ ಸೋಫಾಗೆ. ಅದನ್ನು ನಾನು ಮುಂಚೆಯೇ ಮೇಲ್ ಮಾಡಿ ಕೇಳಿ, ಬಂದ ಕೂಡಲೇ ಲೌಂಜ್ ಬಳಸಬಹುದು ಆದರೆ ಅವತ್ತಿನ ಬೆಳಗಿನ ತಿಂಡಿ ಸೇರಿಲ್ಲ ಅಂತ ಬರವಣಿಗೆಯಲ್ಲಿ ತರಿಸಿಕೊಂಡಿದ್ದೆ. ಅಮ್ಮ ಕಟ್ಟಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿ ಇತ್ತು, ತೊಂದರೆ ಆಗಲಿಲ್ಲ. ಲೌಂಜಲ್ಲಿ ಡಬ್ಬಿ ತೆಗೆದಾಗ ನನಗೇ ಸ್ವಲ್ಪ ಮುಜುಗರ ಆಯಿತು, ಅವರಿಗೆ ಆಗಲಿಲ್ಲ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮಂಥ ಸಸ್ಯಾಹಾರಿಗಳಿಗೆ ಈ ಲೌಂಜಿನ ಬೆಲೆ ಅರ್ಧಕ್ಕೆ ಇಳಿಯೋದು ಅಲ್ಲೇ. ಮೊದಲ ಸಂಜೆ ಮೇಜಿನ ಮೇಲೆ ಸಿಗಡಿ, ಕೋಳಿ, ಏನೋ ಮೀನು. ಹಸಿರು ಸೊಪ್ಪಿನ ಪಲ್ಯ ಒಂದು ಇತ್ತು, ಅಮ್ಮ ತಟ್ಟೆಗೆ ಹಾಕಿಕೊಳ್ಳೋಕೆ ಹೋದಾಗ ಅಲ್ಲಿ ಕೆಲಸ ಮಾಡುವ ಹುಡುಗಿ ಓಡಿ ಬಂದು ತಮಿಳಲ್ಲಿ, "ವೇಂಡಾಂ ಅಮ್ಮಾ" ಅಂತ ತಡೆದಳು. ಸೊಪ್ಪಿಗೆ ಆಯಿಸ್ಟರ್ ಸಾಸ್ ಹಾಕಿದ್ದರು. ಸೊಪ್ಪಂತೂ ಸಸ್ಯಾಹಾರ, ಅದರ ಮೇಲಿನ ಹೊಳಪು ಸಿಂಪಿಯದ್ದು. ಅಮ್ಮ ಹುಟ್ಟಿ ಬೆಳೆದಿದ್ದು ಹಲಸೂರಲ್ಲಿ, ತಮಿಳು ನೀರು ಕುಡಿದಷ್ಟು ಸಲೀಸು. ಐದು ನಿಮಿಷದಲ್ಲಿ ಆ ಹುಡುಗಿಯ ಊರು, ಅಕ್ಕನ ಮದುವೆ ಎಲ್ಲ ಗೊತ್ತಾಯಿತು. ಮೊಟ್ಟೆಯೂ ಬೇಡ ಅಂತ ಅವಳೇ ಅಡುಗೆಮನೆಗೆ ಹೇಳಿದಳು. ಮರುದಿನದಿಂದ ಸಂಜೆ ಅಮ್ಮನಿಗೆ ಅಂತ ಬೇರೆ ತಟ್ಟೆ: ಸಮೋಸ, ತರಕಾರಿ ಸ್ಪ್ರಿಂಗ್ ರೋಲ್, ಕಾರ್ನ್. ಅಪ್ಪನ ಕಾಫಿ ಕಥೆಯೂ ಹೀಗೇ. ಮಿಷಿನ್ನಿನ ಕಾಫಿ ಅವರಿಗೆ ಹಿಡಿಸಲಿಲ್ಲ, ನೊರೆ ಜಾಸ್ತಿ, ಬಿಸಿ ಕಮ್ಮಿ. ಎರಡನೇ ದಿನ ಎಸ್‌ಪ್ರೆಸೊ ಒಂದು ಲೋಟ, ಕುದಿಯೋ ಹಾಲು ಇನ್ನೊಂದು ಲೋಟ ತರಿಸಿ, ತಾವೇ ಎರಡು ಲೋಟದಲ್ಲಿ ಎತ್ತಿ ಎತ್ತಿ ಹೊಯ್ದುಕೊಂಡರು. ಪಕ್ಕದ ಮೇಜಿನ ಸೂಟು ಹಾಕಿದ ಮನುಷ್ಯ ಲ್ಯಾಪ್‌ಟಾಪ್ ಬಿಟ್ಟು ಅದನ್ನೇ ನೋಡುತ್ತಿದ್ದ. ಅಂದಹಾಗೆ ಅಪ್ಪ ಬಿಳಿ ಪಂಚೆ, ಶರ್ಟಲ್ಲೇ ಹೋಗುತ್ತಿದ್ದರು. ನನ್ನ ಹವಾಯಿ ಚಪ್ಪಲಿ ತಡೆದ ಊರಲ್ಲಿ ಆ ಪಂಚೆಗೆ ಯಾರೂ ಏನೂ ಅನ್ನಲಿಲ್ಲ.

ಮಗಳು ಆಗ 8 ವರ್ಷದವಳು. ಸಂಜೆ ಡ್ರಿಂಕ್ಸ್ ಹೊತ್ತಲ್ಲಿ 12ರ ಕೆಳಗಿನವರಿಗೆ ಪ್ರವೇಶ ಇಲ್ಲ. ಅಜ್ಜಿ ಮಾತ್ರ ದಿನಾ ಕರವಸ್ತ್ರದಲ್ಲಿ ಎರಡು ಬಿಸ್ಕತ್ತು ಸುತ್ತಿ ತಂದು ಕೊಡುತ್ತಿದ್ದರು. ನಿಯಮದ ಪ್ರಕಾರ ತಪ್ಪು, ಗೊತ್ತು.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಕನ್ಸಿಯರ್ಜ್ ರೂಮ್ ತಗೊಂಡರೆ ಮಾತ್ರ ಕನ್ಸಿಯರ್ಜ್ (ದಾರಿ ಹೇಳೋದು, ವಿಚಾರಿಸಿಕೊಡೋದು ಮಾಡುವ ಹೋಟೆಲಿನವರು) ಸಹಾಯ ಸಿಗುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕೆಳಗೆ ಲಾಬಿಯಲ್ಲಿ ಒಂದು ಮೇಜು ಇರುತ್ತಲ್ಲ, ಅದು ಎಲ್ಲ ರೂಮಿನವರಿಗೂ. ಕೋಟಿನ ಕಾಲರಲ್ಲಿ ಅಡ್ಡಡ್ಡ ಎರಡು ಚಿನ್ನದ ಬಣ್ಣದ ಕೀ ಚುಚ್ಚಿಕೊಂಡವರು ಕಂಡರೆ ಬಿಡಬೇಡಿ. ಅದು ಲೆ ಕ್ಲೆ ದೋರ್ ಅನ್ನೋ ಕನ್ಸಿಯರ್ಜ್‌ಗಳ ಸಂಘದ ಗುರುತು, 1929ರಲ್ಲಿ ಪ್ಯಾರಿಸ್ಸಲ್ಲಿ ಶುರುವಾಗಿದ್ದು, ಕೆಲಸದಲ್ಲಿ ಪಳಗಿದವರಿಗೆ ಮಾತ್ರ ಕೊಡುತ್ತಾರೆ. ನಮ್ಮ ಹೋಟೆಲಲ್ಲಿ ಅಂಥವರೊಬ್ಬರಿದ್ದರು. ಫಾರರ್ ಪಾರ್ಕ್ ಸ್ಟೇಷನ್ನಲ್ಲಿ ಲಿಫ್ಟ್ ಯಾವ ಕಡೆ ಇದೆ, ದೇವಸ್ಥಾನಕ್ಕೆ ಯಾವ ದಾರಿಯಲ್ಲಿ ಮೆಟ್ಟಿಲಿಲ್ಲ ಅಂತ ಪೆನ್ನಲ್ಲಿ ಗೆರೆ ಎಳೆದು ತೋರಿಸಿದರು. ಗಾರ್ಡನ್ಸ್ ಬೈ ದ ಬೇಗೆ ಹೋಗೋ ದಿನ ಫೋನ್ ಮಾಡಿ ಅಲ್ಲಿ ವೀಲ್‌ಚೇರ್ ಸಿಗುತ್ತಾ ಅಂತ ವಿಚಾರಿಸಿಕೊಟ್ಟರು. ಅವರ ಬಳಿ ಹೋಗಿದ್ದು ಮಾಮೂಲಿ ರೂಮಿನ ನಾನು. ಒಂದು ಪೈಸೆ ಕೇಳಲಿಲ್ಲ.

ಮೂರನೇ ಸಲದ ಕಥೆ ಹೈದರಾಬಾದಿನದು, ಬೇಗ ಹೇಳಿ ಮುಗಿಸುತ್ತೇನೆ, ನೆನೆದರೆ ಹೊಟ್ಟೆ ಉರಿಯುತ್ತೆ. 2025ರ ನವೆಂಬರ್, ಆಫೀಸ್ ಕೆಲಸ, ಒಂದು ರಾತ್ರಿ. ಕಂಪನಿ ರೇಟು 7,200. ಚೆಕ್-ಇನ್ ಮಾಡುವಾಗ ಕೌಂಟರಲ್ಲಿ, "ಸರ್, ಬರೀ 2,500ಕ್ಕೆ ಕ್ಲಬ್ ಮಾಡಿಕೊಡ್ತೀವಿ" ಅಂದರು. ಸುಸ್ತಾಗಿದ್ದೆ, ಆಯ್ತು ಅಂದೆ. ಜಾಸ್ತಿ ಆದ ದುಡ್ಡು ನನ್ನ ಕೈಯಿಂದ. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ವರೆಗಿನ ರೂಮಿಗೆ ಜಿಎಸ್‌ಟಿ 5%, ಅದನ್ನು ದಾಟಿದರೆ ಇಡೀ ಮೊತ್ತಕ್ಕೆ 18%. 7,200 ಆಗಿದ್ದರೆ ಬಿಲ್ 7,560ಕ್ಕೆ ನಿಲ್ಲುತ್ತಿತ್ತು. 9,700 ಆದಾಗ 11,446. ಅಂದರೆ ಬರೀ 2,500 ಅಂದಿದ್ದು 3,886. ಇಷ್ಟಾಗಿ ಲೌಂಜ್ ಹುಡುಕಿಕೊಂಡು ಹೋದರೆ ರಿಪೇರಿಗೆ ಮುಚ್ಚಿದೆ, ಬದಲಿಗೆ ಕೆಳಗಿನ ಕಾಫಿ ಶಾಪಿನ ಮೂಲೆಯಲ್ಲಿ ನಾಲ್ಕು ಮೇಜಿಗೆ ಹಗ್ಗ ಕಟ್ಟಿದ್ದಾರೆ. ಬೆಳಗಿನ ತಿಂಡಿ? ಅದು ಕಂಪನಿ ರೇಟಲ್ಲೇ ಇತ್ತು. ಜಗಳ ಆಡಿದೆ, ದುಡ್ಡು ವಾಪಸ್ ಬರಲಿಲ್ಲ, ಒಂದು ಪ್ಲೇಟ್ ಹಣ್ಣು ರೂಮಿಗೆ ಬಂತು.

ಅದಾದ ಮೇಲೆ ಕೌಂಟರಲ್ಲಿ ನಿಂತು ಯಾವುದಕ್ಕೂ ಹ್ಞೂಂ ಅನ್ನಲ್ಲ. ಬುಕ್ ಮಾಡೋಕೆ ಮುಂಚೆ ಹೋಟೆಲಿಗೆ ಒಂದು ಮೇಲ್ ಹಾಕುತ್ತೇನೆ. ನಾವಿರುವ ದಿನ ಲೌಂಜ್ ತೆರೆದಿರುತ್ತಾ, ಎಷ್ಟು ಗಂಟೆಗೆ ಬಂದರೆ ಒಳಗೆ ಬಿಡುತ್ತೀರಿ, ಮಕ್ಕಳಿಗೆ ಎಷ್ಟು ವಯಸ್ಸಿನ ಮಿತಿ, ಮೊಟ್ಟೆ ಇಲ್ಲದ ತರಕಾರಿ ತಿಂಡಿ ಕೊಡುತ್ತೀರಾ, ತೆರಿಗೆ ಎಲ್ಲ ಸೇರಿ ಕೊನೆಗೆ ಎಷ್ಟು. ಉತ್ತರ ಬರೆಯೋಕೆ ಸೋಮಾರಿತನ ಮಾಡುವ ಹೋಟೆಲಲ್ಲಿ ಲೌಂಜೂ ಹಾಗೇ ಇರುತ್ತೆ ಅನ್ನೋದು ನನ್ನ ಅನುಮಾನ. ಆಮೇಲೆ ನಮ್ಮ ದಿನದ ಪ್ಲಾನ್ ಬರೆದು, ಬೆಳಿಗ್ಗೆ 9ರಿಂದ ರಾತ್ರಿ 9ರ ನಡುವೆ ಹೋಟೆಲಲ್ಲಿ ಎಷ್ಟು ಗಂಟೆ ಇರುತ್ತೇವೆ ಅಂತ ಎಣಿಸುತ್ತೇನೆ. ಮೂರು ಗಂಟೆಗಿಂತ ಕಮ್ಮಿ ಇದ್ದರೆ ಮಾಮೂಲಿ ರೂಮೇ.

ಈ ಬೇಸಿಗೆ ರಜಕ್ಕೆ ಕ್ವಾಲಾಲಂಪುರಕ್ಕೆ ನಾವು ಮೂವರೇ ಹೋಗೋದು, ಎರಡು ರಾತ್ರಿ. ಮೇಲ್‌ಗೆ ಉತ್ತರ ಬಂತು, 12ರ ಕೆಳಗಿನ ಮಕ್ಕಳಿಗೆ ಸಂಜೆ ಐದೂವರೆ ಮೇಲೆ ಲೌಂಜ್ ಇಲ್ಲ. ಮಗಳಿಗೆ ಈಗ 10. ಮಾಮೂಲಿ ರೂಮ್ ಬುಕ್ ಮಾಡಿದೆ. ಅವಳು ಕೇಳಿದ್ದು ಸ್ವಿಮ್ಮಿಂಗ್ ಪೂಲ್ ಇದೆಯಾ ಅಂತ ಮಾತ್ರ. ಇದೆ, ಎಲ್ಲ ರೂಮಿನವರಿಗೂ.