ಸಂಬಳಕ್ಕೆ ಮೊದಲೇ ಚೀಟಿ ಕೊಟ್ಟೆ, ಸಾಲು ಕರಗಿತು

ಸಂಬಳ ಬಿದ್ದ ಮಾರನೇ ದಿನ ಎಚ್‌ಆರ್ ಬಾಗಿಲ ಮುಂದೆ ನಿಲ್ಲುವ ಸಾಲು ನಿಮಗೂ ಗೊತ್ತಲ್ವಾ? ಓಟಿ (ಹೆಚ್ಚುವರಿ ಗಂಟೆಗಳ ದುಡ್ಡು) ಕಮ್ಮಿ ಬಂದಿದೆ, ರಜೆ ಬರೆದುಕೊಟ್ಟಿದ್ದರೂ ಎಲ್‌ಒಪಿ (ಗೈರುಹಾಜರಿಗೆ ಸಂಬಳ ಕಡಿತ) ಬಿದ್ದಿದೆ, ಪಿಎಫ್ ಯಾಕೆ ಜಾಸ್ತಿ ಹೋಯಿತು. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸುಮಾರು 280 ಜನ. 2022ರಲ್ಲಿ ತಿಂಗಳಿಗೆ 60-70 ದೂರು ಬರುತ್ತಿದ್ದವು. ಈಗ ಐದಾರು.

ಸಂಬಳ ಹಾಕುವ ಮೊದಲೇ ಪ್ರತಿಯೊಬ್ಬರಿಗೂ ಅವರವರ ಲೆಕ್ಕ ತೋರಿಸೋಣ ಎಂದಾಗ ಅಕೌಂಟ್ಸ್‌ನವರು ಒಪ್ಪಲಿಲ್ಲ. 'ಜೇನುಗೂಡಿಗೆ ಕಲ್ಲು ಹೊಡೀತಿದ್ದೀರಿ' ಎಂದರು. 7ನೇ ತಾರೀಖಿನೊಳಗೆ ಸಂಬಳ ಆಗಬೇಕು, ತಿದ್ದೋಕೆ ಟೈಮ್ ಎಲ್ಲಿದೆ ಅನ್ನೋದು ಅವರ ವಾದ. ಅದೂ ನಿಜವೇ. ಅದಕ್ಕೇ ಹಾಜರಿ ಲೆಕ್ಕವನ್ನು ಹಿಂದಿನ ತಿಂಗಳ 26ರಿಂದ ಈ ತಿಂಗಳ 25ರವರೆಗೆ ಅಂತ ಬದಲಾಯಿಸಿದೆ. 28ಕ್ಕೆ ಅವರವರ ಲೆಕ್ಕದ ಚೀಟಿ, 2ನೇ ತಾರೀಖಿನವರೆಗೆ ತಿದ್ದುಪಡಿ.

ಮೊದಲೆರಡು ಸಲ ಕೈಸುಟ್ಟುಕೊಂಡೆ. ನೋಟಿಸ್ ಬೋರ್ಡ್‌ಗೆ ಪಟ್ಟಿ ಅಂಟಿಸಿದ್ದು ದೊಡ್ಡ ತಪ್ಪು. ಪಕ್ಕದವನ ಓಟಿ ಎಷ್ಟು ಅಂತ ಎಲ್ಲರೂ ನೋಡಿದರು, ಎರಡು ಲೈನ್‌ನವರಿಗೆ ಜಗಳವೇ ಆಯಿತು. ಮಧ್ಯಾಹ್ನದೊಳಗೆ ಕಿತ್ತು ಹಾಕಿದೆ. ಆಮೇಲೆ ಮೊಬೈಲ್‌ಗೆ ಮೆಸೇಜ್ ಕಳಿಸಿದೆ. ಅರ್ಧ ಜನ ತೆರೆದೇ ನೋಡಲಿಲ್ಲ. ಕೊನೆಗೆ ಅಂಗೈಯಗಲದ ಕಾಗದ, ಕನ್ನಡದಲ್ಲಿ ಆರೇ ಸಾಲು. ಅದು ಹಿಡಿಯಿತು. ಯಾವ ಸಾಲು ಮೇಲೆ, ಯಾವುದು ಕೆಳಗೆ ಅನ್ನೋದನ್ನ ಹುಡುಕೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಅದನ್ನ ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಚೀಟಿಯಿಂದ ಮೊದಲು ಸಿಕ್ಕಿಬಿದ್ದದ್ದು ನಮ್ಮದೇ ತಪ್ಪು. ಒಬ್ಬ ಹಿರಿಯ ಫಿಟ್ಟರ್ ಚೀಟಿ ಹಿಡಿದು ಬಂದರು. ಹಿಂದೆ ಪೆನ್ನಲ್ಲಿ ಲೆಕ್ಕ ಮಾಡಿದ್ದರು. ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 13,000. ಅಲವೆನ್ಸ್ 3,120. ಓಟಿಗೆ ನಾವು 13,000ವನ್ನು ಮಾತ್ರ ತಿಂಗಳ 208 ಗಂಟೆಗೆ ಭಾಗಿಸಿ, ಡಬಲ್ ಮಾಡಿ ಗಂಟೆಗೆ 125 ಕೊಡುತ್ತಿದ್ದೆವು. ಆಗ ಜಾರಿಯಲ್ಲಿದ್ದ ಫ್ಯಾಕ್ಟರಿ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಅಲವೆನ್ಸೂ ಸೇರಬೇಕಿತ್ತು. ಸೇರಿಸಿದರೆ ಗಂಟೆಗೆ 155. ಅಂದರೆ ಗಂಟೆಗೆ 30 ರೂಪಾಯಿ ನಾವು ಉಳಿಸಿಕೊಂಡ ಹಾಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಏಳೆಂಟು ತಿಂಗಳ ಬಾಕಿ ತೆಗೆದಾಗ ಮೂರೂವರೆ ಲಕ್ಷದ ಹತ್ತಿರ ಬಂತು, ಅದರ ಮೇಲೆ ಇಎಸ್‌ಐ (ಕಾರ್ಮಿಕರ ವಿಮೆಯ ವಂತಿಗೆ) ಬೇರೆ. ಆಗ ಓಟಿ ದುಡ್ಡಿಗೆ ಪಿಎಫ್ ಇರಲಿಲ್ಲ, ಇಎಸ್‌ಐ ಇತ್ತು. ಮಾಲೀಕರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೂ ಎರಡು ಕಂತಲ್ಲಿ ಕೊಡಿಸಿದೆ. ಜನ ಚೀಟಿಯನ್ನು ನಂಬಿದ್ದು ಅವತ್ತಿನಿಂದಲೇ.

ಇನ್ನೊಂದು ಸಲ ಜುಲೈಯಲ್ಲಿ ಇನ್‌ಕ್ರಿಮೆಂಟ್ ಆಗಿ ಒಬ್ಬನ ಸಂಬಳ 21,400ಕ್ಕೆ ಹೋಯಿತು. ಇಎಸ್‌ಐ ಮಿತಿ 21,000 ದಾಟಿತು ಅಂತ ಸಾಫ್ಟ್‌ವೇರ್ ಇಎಸ್‌ಐ ನಿಲ್ಲಿಸಿಬಿಟ್ಟಿತು. ಆದರೆ ಏಪ್ರಿಲ್‌ನಲ್ಲಿ ಶುರುವಾದ ವಂತಿಗೆ ಅವಧಿ ಸೆಪ್ಟೆಂಬರ್‌ಗೆ ಮುಗಿಯುವವರೆಗೂ ಕಟ್ಟಲೇಬೇಕು. 'ಸಾರ್, ಈ ಸಾಲು ಖಾಲಿ ಇದೆ' ಅಂತ ಹಿಡಿದದ್ದು ಅವನೇ. ಅವನ ಪಾಲೂ ನಮ್ಮ ಪಾಲೂ ಸೇರಿ ತಿಂಗಳಿಗೆ 850ರ ಆಸುಪಾಸು, ದುಡ್ಡು ಸಣ್ಣದು. ಆದರೆ ಆ ತಿಂಗಳ ಸಂಬಳದಲ್ಲಿ ಹಿಡಿಯದ ಅವನ ಪಾಲನ್ನು ಆಮೇಲೆ ಅವನಿಂದ ವಸೂಲಿ ಮಾಡೋ ಹಾಗಿಲ್ಲ, ನಾವೇ ಭರಿಸಬೇಕು.

ನಡುವೆ ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಗೇಟ್ ಪಂಚ್ ಟೈಮನ್ನೂ ಮೆಷಿನ್ ಹತ್ತಿರದ ರಿಜಿಸ್ಟರನ್ನೂ ಒಂದು ತಿಂಗಳು ಹೋಲಿಸಿದೆ. ದಿನಕ್ಕೆ ಹತ್ತು ಹನ್ನೆರಡು ನಿಮಿಷ ವ್ಯತ್ಯಾಸ. ಅರ್ಧದಷ್ಟು ಓಟಿ ಜಗಳಕ್ಕೆ ಅದೇ ಮೂಲ. ಈಗ ಶಿಫ್ಟ್ ಮುಗಿದಾಗ ಸೂಪರ್‌ವೈಸರ್ ಅಲ್ಲೇ ಸಹಿ ಹಾಕುತ್ತಾರೆ.

ಪ್ರಿಂಟ್ ಖರ್ಚು ತಿಂಗಳಿಗೆ 400 ರೂಪಾಯಿ ಇರಬಹುದು. ಬೇಡ ಅಂದಿದ್ದ ಅಕೌಂಟ್ಸ್‌ನವರೇ ಈಗ 27ಕ್ಕೆ ಫೋನ್ ಮಾಡಿ ಚೀಟಿ ರೆಡಿನಾ ಅಂತ ಕೇಳುತ್ತಾರೆ.

ಉಳಿದಿರೋದು ಕಂಟ್ರಾಕ್ಟ್ ಕೆಲಸಗಾರರು. ಕಂಟ್ರಾಕ್ಟರ್ ಲೆಕ್ಕ ತೋರಿಸೋಕೆ ತಯಾರಿಲ್ಲ. ಅವನು ಸಂಬಳ ಕೊಡದಿದ್ದರೆ ಜವಾಬ್ದಾರಿ ನಮ್ಮ ತಲೆಗೇ ಬರುತ್ತದೆ, ಹಾಗಾಗಿ ಚೀಟಿ ಕೊಡದೆ ಬಿಲ್ ಪಾಸ್ ಮಾಡಲ್ಲ ಅಂತ ಪತ್ರ ಬರೆದಿದ್ದೇನೆ. ಗೇಟಿನ ಇಬ್ಬರು ಸೆಕ್ಯುರಿಟಿಯವರು ದಿನಾ ಕೇಳುತ್ತಾರೆ, ನಮ್ಮ ಚೀಟಿ ಯಾವಾಗ ಅಂತ.