ಹಳೇ ಮಸ್ಟಾಂಗ್ ಕೊಳ್ಳುವಾಗ ಬಾನೆಟ್ ಆಮೇಲೆ ಎತ್ತಿ

“ಇಪ್ಪತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಎಂಜಿನ್ ಮಾತ್ರ ಗಟ್ಟಿಮುಟ್ಟು!” ಅಮೆರಿಕದಲ್ಲಿ ಹಳೇ ಮಸಲ್ ಕಾರು, ಅಂದರೆ ಸಾಮಾನ್ಯ ಕಾರಿಗೆ ಭಾರೀ ಎಂಜಿನ್ ಕೂರಿಸಿದ್ದು, ಮಾರುವವರ ಮಾತು ಹೀಗೇ ಶುರುವಾಗುತ್ತದೆ. ಅಲ್ಲಿರುವ ನಮ್ಮ ಹುಡುಗರು ಕಾರಿಗಾಗಿ ಹೋದ ಕೂಡಲೇ ಎಂಜಿನ್ ಮುಂದೆ ಬಗ್ಗಿ ನಿಲ್ಲುತ್ತಾರೆ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಹೊಸದಾಗಿ ಕಟ್ಟಬಹುದು. ನಿಮ್ಮ ಜೇಬು ಖಾಲಿ ಮಾಡುವುದು ತುಕ್ಕು.

ಮೊದಲು ಮಾಡೆಲ್ ಆರಿಸಿ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್ ಕೂರಿಸಿ ಜಿಟಿಒ ಅಂತ ಮಾರಿತು. ಮಸಲ್ ಕಾರುಗಳ ಅಬ್ಬರ ಜೋರಾದದ್ದು ಅಲ್ಲಿಂದ. ಆದರೂ ಮೊದಲ ಸಲ ಕೈ ಹಾಕುವವರಿಗೆ ನಾನು ಹೇಳುವುದು 1965ರಿಂದ 70ರ ನಡುವಿನ ಫೋರ್ಡ್ ಮಸ್ಟಾಂಗ್. ಅದು ಮಸಲ್ ಕಾರೇ ಅಲ್ಲ, ಚಿಕ್ಕ ಸ್ಪೋರ್ಟಿ ‘ಪೋನಿ ಕಾರು’ ಅಂತ ಜಗಳಕ್ಕೆ ಬರುವವರಿದ್ದಾರೆ. ಬರಲಿ ಬಿಡಿ. ಅವರು ತಮ್ಮ ಕಾರಿನ ಒಂದು ಬಾಗಿಲ ಹಿಡಿಗೆ ಊರೂರು ಹುಡುಕುವಾಗ ಮಸ್ಟಾಂಗ್ ಕೊಂಡ ನಿಮಗೆ ಇಡೀ ಬಾಗಿಲೇ ಹೊಸದಾಗಿ ಸಿಗುತ್ತದೆ.

ಆಮೇಲೆ ಕಾರು ಎಲ್ಲಿ ಓಡಿದ್ದು ಅಂತ ಕೇಳಿ. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ ಕಾರಿನ ತಳ ಹಪ್ಪಳದಂತಾಗಿರುತ್ತದೆ. ಒಣ ಹವೆಯ ಅರಿಜೋನಾದ ಕಾರಾದರೆ ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರಬಹುದು. ಅದು ಸಣ್ಣ ಖರ್ಚು.

ಈಗ ಪರೀಕ್ಷೆ. ಟಾರ್ಚು, ಬಟ್ಟೆ ಸುತ್ತಿದ ಆಯಸ್ಕಾಂತ, ಸ್ಕ್ರೂಡ್ರೈವರ್, ಒಂದು ಬಾಟಲಿ ನೀರು ಒಯ್ಯಿರಿ. ಹಳೇ ಮನೆ ನೋಡಲು ಹೋದಾಗ ಹೊಸ ಸುಣ್ಣ ಕಂಡರೆ ಅನುಮಾನ ಬರುತ್ತೆ ಅಲ್ವಾ? ಹೊಸ ಪೇಂಟಿನ ಮೇಲೂ ಅದೇ ಅನುಮಾನ ಇರಲಿ. ಹಿಂದಿನ ಚಕ್ರದ ಸುತ್ತ, ಬಾಗಿಲ ಕೆಳಗೆ ಆಯಸ್ಕಾಂತ ಆಡಿಸಿ. ಹಿಡಿಯಲಿಲ್ಲವೆಂದರೆ ಒಳಗೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಮಸ್ಟಾಂಗ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ಬಟ್ಟೆ ಕೊಳೆಯಾದರೂ ಸರಿ, ಕಾರಿನಡಿ ಮಲಗಿ. ಉದ್ದಕ್ಕೂ ಓಡುವ ತೊಲೆಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಒಳಗೆ ಇಳಿದರೆ ತುಕ್ಕು ತಿಂದಿದೆ ಅಂತಲೇ.

ಕೊನೆಗೆ ನೀರು. ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಕಿಂಡಿಗಳಿಗೆ ಸುರಿದು, ಒಳಗೆ ಕಾಲಿಡುವ ಜಾಗದಲ್ಲಿ ಕೈಯಾಡಿಸಿ. ಒದ್ದೆಯಾಗಿದೆಯಾ? ಅದನ್ನು ಸರಿಮಾಡಲು ಕಾರಿನ ಮೂತಿಯನ್ನೇ ಬಿಚ್ಚಿ, ಹತ್ತಾರು ವೆಲ್ಡಿಂಗ್ ಚುಕ್ಕೆಗಳನ್ನು ಕೊರೆದು ತೆಗೆಯಬೇಕು. ಬೆಲೆ ಜಾಸ್ತಿ ಇಳಿಸದಿದ್ದರೆ ಸುಮ್ನೆ ಎದ್ದು ಬನ್ನಿ.

ಇಷ್ಟಾದ ಮೇಲೆ ಬಾನೆಟ್ ಎತ್ತಿ. 1967ರವರೆಗಿನ ಮಸ್ಟಾಂಗ್‌ನಲ್ಲಿ ಕಾರ್ಖಾನೆ ಕೊಟ್ಟ ಕಾರಿನ ನಂಬರು (ನಂಬರ್ ಪ್ಲೇಟಿನದಲ್ಲ) ಎಂಜಿನ್ ಪಕ್ಕ, ಡ್ರೈವರ್ ಬದಿಯ ಒಳ ತಗಡಿನ ಮೇಲೆ ಒತ್ತಿರುತ್ತದೆ. 1968ರಿಂದ ಅದು ಗಾಜಿನಾಚೆಯಿಂದಲೇ ಕಾಣುತ್ತದೆ. ಮಾಲೀಕತ್ವದ ಪತ್ರದಲ್ಲಿರುವ ನಂಬರಿಗೆ ಅದು ತಾಳೆಯಾಗಲೇಬೇಕು. ಆ ನಂಬರಿನ ಐದನೇ ಅಕ್ಷರ ಎಂಜಿನ್ನಿನದು. 1965–67ರ ಕಾರಾದರೆ ‘ಸಿ’ ಅಂದರೆ ಸಾಧಾರಣ 289 ಘನ ಇಂಚಿನ ಎಂಜಿನ್, ‘ಕೆ’ ಅಂದರೆ ಅದರದೇ 271 ಅಶ್ವಶಕ್ತಿಯದು. ‘ಸಿ’ ಕಾರಿಗೆ ‘ಕೆ’ ಬೆಲೆ ಹೇಳುವವರಿಗೇನೂ ಬರವಿಲ್ಲ. 1967ರಿಂದೀಚಿನ ಫೋರ್ಡ್ ಆದರೆ ದುಡ್ಡು ಕೊಟ್ಟು ‘ಮಾರ್ಟಿ ರಿಪೋರ್ಟ್’ ತರಿಸಿ. ಕಾರು ಕಾರ್ಖಾನೆಯಿಂದ ಹೇಗೆ ಹೊರಬಂತು ಅಂತ ಅದರಲ್ಲಿರುತ್ತದೆ.

ವ್ಯಾಪಾರ ಕುದುರಿತು ಅಂತ ಓಡಿಸಿಕೊಂಡು ಹೊರಡಬೇಡಿ. 1966ರವರೆಗಿನ ಮಸ್ಟಾಂಗ್ ಬ್ರೇಕಿಗೆ ಇರುವುದು ಒಂದೇ ಸರ್ಕ್ಯೂಟ್. ಒಂದು ಕಡೆ ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಟ್ರೇಲರ್ ಬಾಡಿಗೆಗೆ ಹಿಡಿಯಿರಿ.