ಹಿರಿಯರಿಂದ ಬಂದ ಹಳೆಯ ರೇಡಿಯೊ ಸ್ಪೀಕರ್: ಗುರುತು ಹಿಡಿಯುವುದು, ಬೆಲೆ ಕಟ್ಟುವುದು

ಮುತ್ತಜ್ಜನ ಕಾಲದ ಸ್ಪೀಕರೊಂದು ನಮ್ಮ ಪಾಲಿಗೆ ಬಂದ ದಿನ ಕೈ ಮೊದಲು ಹೋಗುವುದು ಒದ್ದೆ ಬಟ್ಟೆಯ ಕಡೆಗೆ, ಆಮೇಲೆ ಪ್ಲಗ್ಗಿನ ಕಡೆಗೆ. ದಯವಿಟ್ಟು ಎರಡನ್ನೂ ತಡೆದುಕೊಳ್ಳಿ. ಅದನ್ನು ಮಾಡಿದವರು ಯಾರು, ಯಾವ ಕಾಲದ್ದು, ಎಷ್ಟು ಬೆಲೆ ಬಾಳೀತು ಎಂಬುದನ್ನು ಹೇಳುವ ಗುರುತುಗಳೆಲ್ಲ ಅದರ ಮಾಸಿದ ಬಣ್ಣ, ಸವೆದ ಅಕ್ಷರ, ಬಟ್ಟೆ ಸುತ್ತಿದ ವಯರು ಮತ್ತು ಹಳೆಯ ಸ್ಕ್ರೂಗಳಲ್ಲೇ ಇರುತ್ತವೆ. ಅವು ಒಮ್ಮೆ ಅಳಿಸಿಹೋದರೆ ಯಾವ ತಜ್ಞರೂ ಮರಳಿ ತಂದುಕೊಡಲಾರರು.

ನಮ್ಮ ಮನೆಯ ಕಹಳೆ ಸ್ಪೀಕರಿಗೆ ಹೀಗೇ ಆಯಿತು. ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬರು ಸ್ವದೇಶಕ್ಕೆ ಮರಳುವಾಗ ಮಾರಿದ ಸಾಮಾನುಗಳಲ್ಲಿ ಮುತ್ತಜ್ಜ ಅದನ್ನು ಕೊಂಡು ತಂದಿದ್ದರು. ಮನೆಯಲ್ಲಿ ಮದುವೆಯೊಂದಕ್ಕೆ ಸುಣ್ಣಬಣ್ಣ ನಡೆದಾಗ ಚಿಕ್ಕಪ್ಪ ಅದನ್ನೂ ಬಣ್ಣದವರ ಕೈಗೆ ಕೊಟ್ಟರು. ಕತ್ತಿನ ಮೇಲಿದ್ದ, ಬೆರಳುಗುರಿನಷ್ಟೇ ಅಗಲದ ಬಂಗಾರದ ಬಣ್ಣದ ಗುಂಡು ಮುದ್ರೆ ಎಮರಿ ಪೇಪರಿನಡಿ ಉಜ್ಜಿಹೋಯಿತು. ಇಂದು ಆ ಮುದ್ರೆ ಉಳಿದಿರುವುದು ಒಂದು ಹಳೆಯ ಫೋಟೊದಲ್ಲಿ ಮಾತ್ರ, ಅದೂ ಓದಲಾಗದ ಚುಕ್ಕೆಯಂತೆ.

ಆದ್ದರಿಂದ ಮೊದಲ ಕೆಲಸ ಫೋಟೊ. ಹಗಲು ಬೆಳಕಿನಲ್ಲಿ ಎದುರು, ಹಿಂಭಾಗ, ತಳ, ವಯರಿನ ತುದಿ, ಪ್ರತಿಯೊಂದು ಅಕ್ಷರ ಮತ್ತು ಅಂಕಿ ಇವುಗಳ ಚಿತ್ರ ತೆಗೆದುಕೊಳ್ಳಿ. ಓರೆಯಾಗಿ ಟಾರ್ಚ್ ಹಿಡಿದರೆ, ಕಣ್ಣಿಗೆ ಕಾಣದ ಅಚ್ಚುಗಳು ನೆರಳಿನಿಂದ ಎದ್ದು ಕಾಣುತ್ತವೆ. ಧೂಳಿಗೆ ಒಣ ಮೃದು ಬ್ರಷ್ ಸಾಕು.

ಮುಂದಿನ ಪ್ರಶ್ನೆ, ಇದು ನಿಜವಾಗಿಯೂ ರೇಡಿಯೊ ಸ್ಪೀಕರೇ ಎಂಬುದು. ಗ್ರಾಮಫೋನಿನ ಕಹಳೆಯನ್ನೂ ಮದುವೆ ಚಪ್ಪರಕ್ಕೆ ಕಟ್ಟುತ್ತಿದ್ದ ಅಲ್ಯೂಮಿನಿಯಂ ಮೈಕ್ ಹಾರ್ನನ್ನೂ ಜನ ಇದರೊಂದಿಗೆ ಬೆರೆಸುತ್ತಾರೆ. ಗ್ರಾಮಫೋನ್ ಕಹಳೆಗೆ ವಿದ್ಯುತ್ತಿನ ಸಂಬಂಧವಿಲ್ಲ. ಅದರ ಬುಡದಲ್ಲಿ ಸೂಜಿ ಹಿಡಿಯುವ ಪೆಟ್ಟಿಗೆ ಕೂಡುವ ಜಾಗವಿರುತ್ತದೆ. 1920ರ ದಶಕದ ರೇಡಿಯೊ ಕಹಳೆಯಲ್ಲಿ ಭಾರವಾದ ಗುಂಡು ಪೀಠ, ಹಂಸದ ಕತ್ತಿನಂತೆ ಬಾಗಿದ ಕೊಳವೆ, ಪೀಠದಿಂದ ಹೊರಡುವ ಎರಡೆಳೆಯ ವಯರು ಇರುತ್ತವೆ. ಪೀಠದೊಳಗಿರುವುದು ಹಳೆಯ ಟೆಲಿಫೋನಿನ ಕಿವಿಗೆ ಹಿಡಿಯುವ ಭಾಗದ ದೊಡ್ಡ ರೂಪ: ಒಂದು ಅಯಸ್ಕಾಂತ, ಕೂದಲಿಗಿಂತ ಸಣ್ಣ ತಂತಿಯ ಸುರುಳಿ, ಅದರೆದುರು ಕಂಪಿಸುವ ತೆಳು ಲೋಹದ ತಗಡು. ಹಲವು ಮಾದರಿಗಳಲ್ಲಿ ತಗಡಿಗೂ ಅಯಸ್ಕಾಂತಕ್ಕೂ ನಡುವಿನ ಅಂತರವನ್ನು ಹೊಂದಿಸುವ ತಿರುಪು ಪೀಠದ ಪಕ್ಕದಲ್ಲೋ ತಳದಲ್ಲೋ ಇರುತ್ತದೆ. ಅದು ಬಿಗಿದುಕೊಂಡಿದ್ದರೆ ಬಲವಂತ ಮಾಡಬೇಡಿ.

ಆ ಕಹಳೆಗಳ ಕಾಲದ ಬ್ರಿಟಿಷ್ ಹೆಸರುಗಳಲ್ಲಿ ಆಂಪ್ಲಿಯನ್, ಎಸ್. ಜಿ. ಬ್ರೌನ್ ಮತ್ತು ಸ್ಟರ್ಲಿಂಗ್ ಮುಖ್ಯವಾದವು. ಆಂಪ್ಲಿಯನ್ ತಯಾರಿಸಿದ ಲಂಡನ್ನಿನ ಆಲ್‌ಫ್ರೆಡ್ ಗ್ರಹಾಂ ಕಂಪನಿಯು ಅದಕ್ಕೂ ಮೊದಲು ನೌಕಾಪಡೆಯ ಹಡಗುಗಳಿಗೆ ಟೆಲಿಫೋನ್ ಮಾಡಿಕೊಡುತ್ತಿತ್ತು. ಹೂವಿನ ಎಸಳುಗಳಂತೆ ಮರದ ಪಟ್ಟಿಗಳನ್ನು ಜೋಡಿಸಿದ ಎಆರ್-19 ಮಾದರಿಯ ಬಾಯಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಬ್ರೌನ್ ಅವರ ಎಚ್-1 ಸುಮಾರು 21 ಅಂಗುಲ ಎತ್ತರ, ಎಚ್-2 ಸುಮಾರು 12 ಅಂಗುಲ, ಆದ್ದರಿಂದ ಅಳತೆಪಟ್ಟಿಯೇ ಅರ್ಧ ಉತ್ತರ ಕೊಡುತ್ತದೆ. ಅಮೆರಿಕದ ಮ್ಯಾಗ್ನವಾಕ್ಸ್ ಆರ್-3 ಬೇರೆ ಜಾತಿಯದು. ಅದರ ಅಯಸ್ಕಾಂತಕ್ಕೆ ಬಲ ಬರುವುದೇ 6 ವೋಲ್ಟಿನ ಬ್ಯಾಟರಿಯಿಂದ.

ಬಿಬಿಸಿ ಎಂಬ ಗುಂಡು ಮುದ್ರೆ ಸಿಕ್ಕರೆ ಅದು ದೊಡ್ಡ ಸುಳಿವು. 1922ರಲ್ಲಿ ಆ ಸಂಸ್ಥೆ ಹುಟ್ಟಿದಾಗ ರೇಡಿಯೊ ಸಾಮಗ್ರಿಗಳ ಮಾರಾಟದಿಂದ ಅದಕ್ಕೆ ಪಾಲು ಸಲ್ಲುತ್ತಿತ್ತು. ಆ ಏರ್ಪಾಡು ನಡೆದ ಕೆಲವೇ ವರ್ಷಗಳ ಸರಕಿನ ಮೇಲೆ ಮಾತ್ರ ಈ ಮುದ್ರೆ ಬಿದ್ದಿದೆ. ನಮ್ಮ ಮನೆಯ ಕಹಳೆಯ ಮೇಲೆ ಇದ್ದದ್ದು ಅದೇ ಇರಬೇಕೆಂದು ನನ್ನ ಊಹೆ, ಆದರೆ ಸಾಬೀತುಪಡಿಸಲು ದಾರಿಯಿಲ್ಲ.

ಮನೆಯ ಹಿರಿಯರ ಮಾತನ್ನೂ ಬರೆದಿಡಿ, ಆದರೆ ವಸ್ತುವಿನ ಎದುರಿಗಿಟ್ಟು ಒರೆಹಚ್ಚಿ. ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಆರಂಭವಾದದ್ದು 1927ರಲ್ಲಿ, ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ್ದು 1935ರಲ್ಲಿ. ‘ಇದರಲ್ಲೇ ಮೈಸೂರು ಕೇಳಿದ್ದೇವೆ’ ಎಂದು ಅಜ್ಜಿ ಹೇಳಿದರೆ ಅದು ಸುಳ್ಳಾಗಬೇಕಿಲ್ಲ, ಆದರೆ ಆ ಹೊತ್ತಿಗೆ ಕಹಳೆಯ ಕಾಲ ಮುಗಿದಿತ್ತು. ಅಂದರೆ ಮೈಸೂರು ಕೇಳುವ ಹೊತ್ತಿಗೇ ಅದು ಹಳೆಯದಾಗಿತ್ತು ಎಂದು ತಿಳಿಯಬೇಕು.

ಕಹಳೆಯ ನಂತರ ಕಾಗದದ ಕೋನ್ ಬಂತು. 1920ರ ದಶಕದ ಕೊನೆಯ ಮಾದರಿಗಳಲ್ಲಿ ಕೋನಿನ ನಡುವೆ ಸಣ್ಣ ಕಡ್ಡಿಯೊಂದಿದ್ದು, ಅದು ಹಿಂದಿನ ಕಬ್ಬಿಣದ ನಾಲಿಗೆಗೆ ಸೇರಿರುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸದಿಂದ ಸುರುಳಿಯೇ ಚಲಿಸುವ ಸ್ಪೀಕರ್ ಮನೆಮನೆಗೆ ಬಂತು, ಇಂದಿಗೂ ಅದೇ ಚಾಲ್ತಿಯಲ್ಲಿದೆ. 1930ರ ದಶಕದಲ್ಲಿ ಬಲವಾದ ಅಯಸ್ಕಾಂತ ದುಬಾರಿಯಾಗಿದ್ದರಿಂದ ಅದರ ಬದಲು ದೊಡ್ಡ ತಂತಿಯ ಸುರುಳಿಯನ್ನು ಕೂರಿಸಿ, ಅದನ್ನೇ ರೇಡಿಯೊದ ವಿದ್ಯುತ್ತನ್ನು ಸಮನಾಗಿಸಲೂ ಬಳಸಿಕೊಂಡರು. ಇದಕ್ಕೆ ಫೀಲ್ಡ್ ಕಾಯಿಲ್ ಸ್ಪೀಕರ್ ಎನ್ನುತ್ತಾರೆ. ಹಿಂದೆ ದಪ್ಪ ಡಬ್ಬಿಯಂಥ ಭಾಗವಿದ್ದು, ನಾಲ್ಕು ಅಥವಾ ಹೆಚ್ಚು ವಯರು ಹೊರಟು, ಸ್ಕ್ರೂಡ್ರೈವರಿನ ತುದಿ ಅದಕ್ಕೆ ಅಂಟದಿದ್ದರೆ ಬಹುಪಾಲು ಅದೇ. ರೇಡಿಯೊ ಚಾಲೂ ಇರುವಾಗ ಇದರ ತಂತಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ, ಆದ್ದರಿಂದ ಗಾಜಿನ ಬಲ್ಬಿನಂಥ ವಾಲ್ವುಗಳಿಂದ ನಡೆಯುವ ಹಳೆಯ ರೇಡಿಯೊ ಬಲ್ಲವರಲ್ಲದೆ ಬೇರೆಯವರು ಜೋಡಿಸಕೂಡದು. ಮುಂದಿನ ದಶಕಗಳ ಸ್ಪೀಕರ್‌ಗಳಲ್ಲಿ ಅಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತ, ಆಮೇಲೆ ಕಪ್ಪು ಬಿಲ್ಲೆಯಂಥ ಫೆರೈಟ್ ಅಯಸ್ಕಾಂತ ಕಾಣುತ್ತವೆ.

ಅಮೆರಿಕದ ಸ್ಪೀಕರುಗಳ ಚೌಕಟ್ಟಿನ ಮೇಲಿನ ಅಂಕಿಗಳನ್ನು ಓದಲು ಕಲಿಯುವುದು ಲಾಭದ ಕೆಲಸ. ಮೊದಲ ಮೂರು ಅಂಕಿ ತಯಾರಕರದು: 220 ಎಂದರೆ ಜೆನ್ಸನ್, 285 ಎಂದರೆ ರೋಲಾ. ಉಳಿದವು ವರ್ಷ ಮತ್ತು ವಾರ. 220512 ಎಂದಿದ್ದರೆ, 5ರಲ್ಲಿ ಕೊನೆಯಾಗುವ ವರ್ಷದ 12ನೆಯ ವಾರ. ದಶಕ ಯಾವುದೆಂದು ಅಯಸ್ಕಾಂತದ ಬಗೆ ನೋಡಿ ನಿರ್ಧರಿಸಬೇಕು.

ಪರೀಕ್ಷೆಗೆ ಮಲ್ಟಿಮೀಟರೊಂದು ಸಾಕು. ಕಹಳೆ ಸ್ಪೀಕರುಗಳು ಸಾಮಾನ್ಯವಾಗಿ 2000 ಅಥವಾ 4000 ಓಮಿನವು (ಓಮ್ ಎಂದರೆ ಸುರುಳಿಯು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ); ಮೀಟರು ಆ ಆಸುಪಾಸಿನ ಅಂಕಿ ತೋರಿಸಿದರೆ ಸುರುಳಿ ಜೀವಂತವಿದೆ, ಏನನ್ನೂ ತೋರಿಸದಿದ್ದರೆ ತಂತಿ ಎಲ್ಲೋ ಕಡಿದಿದೆ. 1.5 ವೋಲ್ಟಿನ ಒಂದು ಸೆಲ್ಲನ್ನು ಕ್ಷಣ ಮಾತ್ರ ಮುಟ್ಟಿಸಿದರೆ ಕಹಳೆಯ ಬಾಯಿಯಿಂದ ‘ಟಪ್’ ಎಂಬ ಸದ್ದು ಬರಬೇಕು. ವಯರಿನ ಒಂದೆಳೆಯಲ್ಲಿ ಕೆಂಪು ನೂಲಿದ್ದರೆ ಅದು ಧನ ತುದಿ. ವಾಲ್ವಿನ ನೇರ ವಿದ್ಯುತ್ ಈ ಸುರುಳಿಯ ಮೂಲಕವೇ ಹರಿಯುತ್ತಿದ್ದುದರಿಂದ, ಉಲ್ಟಾ ಜೋಡಿಸಿದರೆ ಅಯಸ್ಕಾಂತ ಕ್ರಮೇಣ ಸೊರಗುತ್ತಿತ್ತು. ಕೋನ್ ಸ್ಪೀಕರಾದರೆ ಎರಡು ಕಡೆ ಬೆರಳಿಟ್ಟು ಬಹಳ ಹಗುರವಾಗಿ ಒತ್ತಿ. ಕೆರೆದ ಸದ್ದು ಕೇಳಿದರೆ ಒಳಗಿನ ಸುರುಳಿ ಉಜ್ಜುತ್ತಿದೆ. ಫಿಲಿಪ್ಸ್ ಕಂಪನಿಯ ಕೆಲವು ವಾಲ್ವ್ ರೇಡಿಯೊಗಳಲ್ಲಿ 800 ಓಮಿನ ಸ್ಪೀಕರುಗಳಿದ್ದವು. ಇಂದಿನ ಆಂಪ್ಲಿಫೈಯರು ಅಷ್ಟು ಹೆಚ್ಚಿನ ಓಮಿಗೆ ಹೊಂದುವುದಿಲ್ಲ, ಆದ್ದರಿಂದ ಅದಕ್ಕೆ ಜೋಡಿಸಿದಾಗ ಸದ್ದು ಸಾಲದೆಂದು ಸ್ಪೀಕರನ್ನು ಕೆಟ್ಟದ್ದೆಂದು ಎಸೆಯಬೇಡಿ. ನಮ್ಮ ಮಲೆನಾಡು ಮತ್ತು ಕರಾವಳಿಯ ತೇವದಲ್ಲಿ ಕಾಗದವನ್ನು ಹುಳು ತಿಂದಿರುವುದು ಸಾಮಾನ್ಯ. ಸತುವಿನ ಎರಕದ ಭಾಗಗಳಲ್ಲಿ ಹರಡಿದ ಸಣ್ಣ ಬಿರುಕುಗಳು ಕಂಡರೆ ಆ ಲೋಹ ಒಳಗಿಂದಲೇ ಪುಡಿಯಾಗುತ್ತಿದೆ, ಅದಕ್ಕೆ ಔಷಧವಿಲ್ಲ.

ಬೆಲೆಯ ವಿಷಯದಲ್ಲಿ ಹಳತು ಅಂದಮಾತ್ರಕ್ಕೆ ದುಬಾರಿಯೆಂದು ನಂಬಬಾರದು. ಸಾಧಾರಣ ರೇಡಿಯೊದಿಂದ ಕಳಚಿದ ಕೋನ್ ಸ್ಪೀಕರಿಗೆ ಅಲ್ಪ ಬೆಲೆ. ಅದೇ ಸ್ಪೀಕರ್ ತನ್ನ ರೇಡಿಯೊದೊಳಗೇ ಇದ್ದರೆ ಇಡೀ ರೇಡಿಯೊದ ಬೆಲೆ ಏರುತ್ತದೆ, ಆದ್ದರಿಂದ ಎರಡನ್ನೂ ಅಗಲಿಸಬೇಡಿ. ಕಹಳೆಗಳನ್ನು ಸಂಗ್ರಾಹಕರು ಅಂದಕ್ಕಾಗಿ, ಮೂಲ ಬಣ್ಣಕ್ಕಾಗಿ, ಓದಬಲ್ಲ ಹೆಸರುಪಟ್ಟಿಗಾಗಿ ಕೊಳ್ಳುತ್ತಾರೆ. ನಿಜವಾದ ದೊಡ್ಡ ಬೆಲೆ ಇರುವುದು ಇಂದಿಗೂ ಸಂಗೀತ ಕೇಳಲು ಬಳಸುವಂಥವಕ್ಕೆ: 1926ರಲ್ಲಿ ಸಿನಿಮಾ ಮಂದಿರಗಳಿಗೆ ಬಂದ ವೆಸ್ಟರ್ನ್ ಎಲೆಕ್ಟ್ರಿಕ್ 555, 1947ರಿಂದ ಬಂದ ಟ್ಯಾನಾಯ್ ಡ್ಯುಯಲ್ ಕಾನ್ಸೆಂಟ್ರಿಕ್, ಗುಡ್‌ಮನ್ಸ್ ಆಕ್ಸಿಯಂ 80. ಇವುಗಳ ಹೊಂದುವ ಜೋಡಿಗೆ ಒಂಟಿಯ ಎರಡರಷ್ಟಕ್ಕೂ ಮಿಗಿಲಾದ ಬೆಲೆ. ಹಿರಿಯರು ಚಿತ್ರಮಂದಿರವನ್ನೋ ಟೂರಿಂಗ್ ಟಾಕೀಸನ್ನೋ ನಡೆಸಿದ್ದರೆ ಗೋದಾಮನ್ನು ಗುಜರಿಯವರಿಗೆ ತೋರಿಸುವ ಮೊದಲು ನೀವೇ ನೋಡಿ.

ಅಂತರ್ಜಾಲದಲ್ಲಿ ಮಾರುವವರು ಕೇಳಿದ ಬೆಲೆಯನ್ನು ಬದಿಗಿಟ್ಟು, ಮಾರಾಟವಾಗಿ ಮುಗಿದ ಬೆಲೆಗಳನ್ನೇ ಹುಡುಕಿ. ಅದೇ ಮಾದರಿ, ಅದೇ ಸ್ಥಿತಿಯ ನಾಲ್ಕೈದು ಮಾರಾಟಗಳು ಸಿಕ್ಕ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಮತ್ತು ಸಾಗಣೆಯ ಖರ್ಚು ಕಳೆಯಿರಿ. ಬ್ರಿಟನ್ನಿನ ಮಾರಾಟವನ್ನು ರೂಪಾಯಿಗೆ ಬದಲಿಸಿ ಬೆಂಗಳೂರಿನಲ್ಲಿ ಅದೇ ಬೆಲೆ ನಿರೀಕ್ಷಿಸಿದರೆ ನಿರಾಸೆಯಾದೀತು, ಏಕೆಂದರೆ ಕೊಳ್ಳುವವರು ಇಲ್ಲಿ ಕಡಿಮೆ. ಕೊಳ್ಳಲು ಮನೆಗೆ ಬಂದವರಿಂದಲೇ ಬೆಲೆ ಕಟ್ಟಿಸಬೇಡಿ.

ಹೊರದೇಶಕ್ಕೆ ಮಾರುವ ಯೋಚನೆಯಿದ್ದರೆ 1972ರ ಪ್ರಾಚ್ಯವಸ್ತು ಕಾಯಿದೆ ನೆನಪಿರಲಿ. ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ, ಮತ್ತು 1920ರ ದಶಕದ ಆರಂಭದ ಕಹಳೆಗಳು ಈಗ ಆ ವಯಸ್ಸನ್ನು ದಾಟಿವೆ. ಪೆಟ್ಟಿಗೆ ಕಟ್ಟುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಗೆ ಫೋಟೊಗಳೊಂದಿಗೆ ಹೋಗಿ ಲಿಖಿತವಾಗಿ ಕೇಳಿಕೊಳ್ಳಿ.